ನೆರಳು ತೆಗೆದ ಮುಖ

ಹಿಂದೂಪುರದ ಸೀತಾರಾಮಪ್ಪನ ಸ್ಟುಡಿಯೋಗೆ ಕಂಪ್ಯೂಟರ್ ಬಂದದ್ದು ತೊಂಬತ್ತೊಂಬತ್ತರಲ್ಲಿ. ಆಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಸಿಲಲ್ಲಿ ತೆಗೆಸಿಕೊಂಡು ಮುಖ ಕಪ್ಪಾದ ಫೋಟೋಗಳನ್ನು ಸ್ಕ್ಯಾನ್ ಮಾಡಿ, ನೆರಳು ತಿಳಿಗೊಳಿಸಿ, ಎಂಥವನನ್ನೂ ಮದುಮಗನಂತೆ ಬೆಳಗಿಸಿ ಕೊಡುತ್ತಿದ್ದ. ತನ್ನಿಂದಾಗದ ಮುಖವೇ ಇಲ್ಲ ಎಂದು ಹೆಂಡತಿ ಚೌಡೇಶ್ವರಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಆ ಸುದ್ದಿ ಕೇಳಿಯೇ ಕಲ್ಯಾಣದುರ್ಗದ ಕಡೆಯಿಂದ ಈರಕ್ಕ ಬಂದಳು. ಅವಳ ಮಗ ಓಬಳಪ್ಪ ದೂರದೂರಿಗೆ ಕೂಲಿಗೆ ಹೋದವನು ಅಲ್ಲೇ ಸತ್ತಿದ್ದ. ಅವಳು ತಲುಪುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಉಳಿದದ್ದು ಒಂದೇ ಫೋಟೋ. ನಡು ಮಧ್ಯಾಹ್ನ, ತಲೆಗೆ ಟವೆಲ್ ಸುತ್ತಿಕೊಂಡು ಕುರಿಗಳ ನಡುವೆ ನಿಂತಿದ್ದಾನೆ. ಹಣೆಯಿಂದ ಗಲ್ಲದವರೆಗೆ ಬರೀ ಕಪ್ಪು.

"ಅವನ ಮುಖ ಮರ್ತೋಯ್ತಾ ಐತೆ ಕಣಪ್ಪ," ಅಂದಳು. "ಕಣ್ ಮುಚ್ಚಿದ್ರೂ ಬರಾಕಿಲ್ಲ. ಒಂದ್ಸಲ ತೋರ್ಸ್ಬುಡು."

ಸೀತಾರಾಮಪ್ಪ ನೆರಳು ತೆಗೆದ. ಇನ್ನೂ ತೆಗೆದ. ಕಪ್ಪು ಬೂದಿಯಾಯಿತೇ ಹೊರತು ಅದರೊಳಗೆ ಕಣ್ಣಿಲ್ಲ, ಬಾಯಿಲ್ಲ. ಫಿಲ್ಮಿನಲ್ಲೇ ಬೀಳದ್ದನ್ನು ಕಂಪ್ಯೂಟರ್ ಎಲ್ಲಿಂದ ತಂದೀತು? ಆಗುವುದಿಲ್ಲ ಎಂದು ಹೇಳಿಬಿಡಬೇಕಿತ್ತು, ಪುಣ್ಯಾತ್ಮ. ಹೆಣದ ಫೋಟೋದಲ್ಲಿ ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆದು ಕೊಡುವುದು ಸ್ಟುಡಿಯೋದವರಿಗೆ ಹಳೆಯ ರೂಢಿ. ಆ ಧೈರ್ಯದಲ್ಲಿ ತನ್ನದೇ ಫೋಟೋದ ಕಣ್ಣು, ಮೂಗು, ಬಾಯಿ ತೆಗೆದು ಆ ಟವೆಲ್ಲಿನ ಕೆಳಗೆ ಕೂರಿಸಿದ.

"ಅವ್ನೇ! ನಮ್ ಓಬಳನೇ!" ಎಂದು ಈರಕ್ಕ ಫೋಟೋವನ್ನು ಎದೆಗೊತ್ತಿಕೊಂಡು ಅತ್ತಳು. ಆಮೇಲೆ ತಲೆಯೆತ್ತಿ ಅವನನ್ನೇ ಬಹಳ ಹೊತ್ತು ನೋಡಿದಳು. "ಅವನ ಕಣ್ಣು ನಿನ್ತಾವ ಹೆಂಗ್ ಬಂದ್ವಪ್ಪಾ?"

ಸೀತಾರಾಮಪ್ಪ ಕಂಪ್ಯೂಟರಿನ ಕಡೆ ಮುಖ ತಿರುಗಿಸಿಕೊಂಡ.

ಸ್ಟುಡಿಯೋದಲ್ಲಿ ಉಳಿದಿದ್ದ ಇನ್ನೊಂದು ಪ್ರತಿ ಚೌಡೇಶ್ವರಿಯ ಕೈಗೆ ಸಿಕ್ಕಿತು. ಗಂಡನ ಮುಖ ಅವಳಿಗೆ ಗುರುತಾಗದೆ ಇದ್ದೀತೇ?

"ಬದುಕಿರೋರ ಪಟಕ್ಕೆ ಯಾರಾದ್ರೂ ಹಾರ ಹಾಕ್ತಾರಾ? ಅಲ್ಲಿ ದಿನಾ ನಿಮ್ ಮುಖಕ್ಕೆ ಊದ್ಗಡ್ಡಿ ಹಚ್ತಾವ್ರೆ. ಮೊದ್ಲು ಹೋಗಿ ಈಸ್ಕೊಂಡ್ ಬನ್ನಿ!"

ನಕ್ಕುಬಿಡೋಣವೆಂದರೆ ಅವನಿಗೆ ನಗು ಬರಲಿಲ್ಲ. ಕೆಲವು ದಿನಗಳಿಂದ ಕೊರಳ ಸುತ್ತ ಒದ್ದೆ ಹೂವು ತಾಗಿದಂತೆ ಏನೋ ತಣ್ಣಗಿರುತ್ತಿತ್ತು. ಮೊದಲು ನೆರಳು ತೆಗೆದಾಗ ಬಂದಿದ್ದ ಬೂದಿ ಮುಖದ ಪ್ರತಿಯನ್ನು ಜೇಬಿಗಿಟ್ಟು, ನಿಜ ಹೇಳಿ ಫೋಟೋ ಬದಲಾಯಿಸಿ ತರುವುದೆಂದು ಬಸ್ಸು ಹತ್ತಿದ.

ಊರು ಸೇರಿದಾಗ ಮಧ್ಯಾಹ್ನ. ಅಂದು ಪಿತೃಪಕ್ಷದ ಅಮಾವಾಸ್ಯೆ. ಈರಕ್ಕನ ಮನೆಯವರೆಲ್ಲ ಹೊರಗೆ ಜಗಲಿಯ ಮೇಲೆ ಮಾತಿಲ್ಲದೆ ಕೂತಿದ್ದರು. ಒಳಗೆ ಫೋಟೋದ ಮುಂದೆ ಎಡೆಯಿಟ್ಟು ಬಾಗಿಲು ಮುಚ್ಚಿದ್ದರು. ಸತ್ತವರು ಬಂದು ಉಂಡು ಹೋಗುವವರೆಗೆ ಮನೆಯವರು ಒಳಗೆ ಕಾಲಿಡುವಂತಿಲ್ಲ.

ಅವನನ್ನು ಕಂಡು ಈರಕ್ಕ ಎದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಬಂದ್ಯಾ? ತಡ ಆಯ್ತಲ್ಲೋ," ಎಂದು ಕೈ ಹಿಡಿದು ಒಳಗೆ ನೂಕಿದಳು.

"ಅಮ್ಮಾ, ನಾನು ಸ್ಟುಡಿಯೋದವನು..." ಎನ್ನುವಷ್ಟರಲ್ಲಿ ಹೊರಗಿನಿಂದ ಚಿಲಕ ಬಿತ್ತು.

ಕತ್ತಲೆ ಕೋಣೆ, ಒಂದು ದೀಪ. ಗೋಡೆಯ ಮೇಲೆ ಅವನದೇ ಮುಖ, ಹಣೆಗೆ ಕುಂಕುಮ, ಕೊರಳಿಗೆ ಹಾರ. ಕೆಳಗೆ ಎಲೆಯಲ್ಲಿ ಮುದ್ದೆ, ಕೋಳಿಸಾರು ಇನ್ನೂ ಹಬೆಯಾಡುತ್ತಿದ್ದವು.

"ಉಣ್ಣು ಮಗಾ," ಬಾಗಿಲ ಆಚೆಯಿಂದ ಈರಕ್ಕನ ದನಿ. "ನೀನ್ ಮುಟ್ದೆ ಇದ್ರೆ ನನ್ಮೇಲೆ ಸಿಟ್ಟೈತೆ ಅಂತ್ಲೇ. ಕಡೇ ಗಳಿಗೇಲಿ ನಾನ್ ಬರ್ಲಿಲ್ಲ ಅಂತ."

ಸತ್ತವನ ತುತ್ತು ಬಾಯಿಗಿಟ್ಟರೆ ತನ್ನ ಗತಿಯೇನು? ಬಾಗಿಲು ಬಡಿಯಬಹುದಿತ್ತು, ಕಿರುಚಬಹುದಿತ್ತು. ಹೊರಗೆ ಮುದುಕಿ ಅಳು ನುಂಗುವುದು ಕೇಳಿಸಿತು.

ಅವನು ಎಲೆಯ ಮುಂದೆ ಕೂತು ಮುದ್ದೆ ಮುರಿದ.

"ಉಣ್ತಾ ಇದ್ದೀನಿ ಕಣಮ್ಮ," ಎಂದ.

ಬಾಗಿಲಾಚೆ ಈರಕ್ಕ ದೊಡ್ಡದಾಗಿ ಉಸಿರು ಬಿಟ್ಟಳು.

"ಮುಖ ಮರ್ತಿದ್ದೆ ಕಣೋ ಓಬಳಾ. ನಿನ್ ದನಿ ಮರ್ತಿರ್ಲಿಲ್ಲ."