ಮಾವನ ನಿಂಬೆ ಗಿಡ

ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದ ಮೇಲೆ ನಮ್ಮ ಮಾವ ಹಾಸಿಗೆ ಬಿಟ್ಟು ಏಳುತ್ತಿದ್ದುದು ಒಂದೇ ಕೆಲಸಕ್ಕೆ, ಬಾಲ್ಕನಿಯ ನಿಂಬೆ ಗಿಡಕ್ಕೆ ನೀರು ಹಾಕಲು. ಬಲಗೈಯಲ್ಲಿ ಚೊಂಬು ಹಿಡಿದು, ಗೋಡೆಗೆ ಭುಜ ಕೊಟ್ಟುಕೊಂಡು ಹೋಗುತ್ತಿದ್ದರು. ನಾವೆಲ್ಲ ಶಭಾಷ್ ಎನ್ನುತ್ತಿದ್ದೆವು. ಶಭಾಷ್ ಸಿಕ್ಕಷ್ಟೂ ಚೊಂಬುಗಳು ಹೆಚ್ಚಿದವು.

ಎಲೆಗಳು ಹಳದಿಯಾಗಿ ಜೋತುಬಿದ್ದವು. ಪಾಪ, ಬಾಯಾರಿದೆ ಎಂದು ಮಾವ ಇನ್ನಷ್ಟು ಸುರಿದರು. ನಾನು ಕುಂಡದ ಹತ್ತಿರ ಬಗ್ಗಿದೆ ನೋಡಿ, ಚರಂಡಿ ವಾಸನೆ!

"ಬೇರು ಕೊಳೆತಿದೆ ರೀ," ಎಂದೆ ಗಂಡನಿಗೆ.

"ಅಪ್ಪಂಗೆ ಹೇಳ್ಬೇಡ. ತಾನೇ ಸಾಯಿಸ್ದೆ ಅಂತ ಮತ್ತೆ ಹಾಸಿಗೆ ಹಿಡೀತಾರೆ. ಇಂಥದ್ದೇ ಇನ್ನೊಂದು ತಂದಿಟ್ಬಿಡೋಣ."

"ಅದನ್ನೂ ಮುಳುಗಿಸ್ತಾರೆ. ಆಮೇಲೆ ಮೂರನೇದು ತರ್ತೀರಾ?"

ಮೈ ಉರಿದುಹೋಯಿತು ನನಗೆ. ವಯಸ್ಸಾದವರೆಂದರೆ ಕಣ್ಣಿಗೆ ಮಣ್ಣೆರಚಿ ಸುಮ್ಮನಿರಿಸುವುದೇ? ಹೆದರಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಉಳಿಸಿದರೆ ಇದೇ ಗಿಡವನ್ನು ಉಳಿಸಬೇಕು, ಅದೂ ಅವರ ಕೈಯಿಂದಲೇ.

ಮಾವನ ಎದುರಿಗೇ ಹಳೇ ಚಾದರ ಹಾಸಿ ಕುಂಡ ಬೋರಲು ಹಾಕಿದೆ. ಬೇರು ಕಂದುಗಟ್ಟಿತ್ತು, ಮುಟ್ಟಿದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು.

"ನಾನೇ ಕೊಂದೆ," ಎಂದರು ಮಾವ.

"ಹೂಂ, ಅತಿಯಾದ್ರೆ ಅಮೃತಾನೂ ವಿಷ. ಆದ್ರೆ ಇನ್ನೂ ಸತ್ತಿಲ್ಲ. ತಗೊಳ್ಳಿ ಕತ್ತರಿ."

ನಾನು ಗಿಡ ಎತ್ತಿ ಹಿಡಿದೆ. ಕೊಳೆತದ್ದನ್ನೆಲ್ಲ ಅವರೇ ಕತ್ತರಿಸಿದರು. ಬಿಳಿ ಬೇರು ಒಂದು ಹಿಡಿಯಷ್ಟು ಉಳಿಯಿತು. ಕುಂಡದ ತಳದಲ್ಲಿ ಕಟ್ಟಿಕೊಂಡಿದ್ದ ತೂತು ಬಿಡಿಸಿ, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟು, ಚೊಂಬನ್ನು ಅಟ್ಟದ ಮೇಲಿಟ್ಟೆ.

"ಹಾಗಾದ್ರೆ ಇನ್ನು ನಂಗೇನು ಕೆಲ್ಸ?"

"ದಿನಾ ಬಂದು ಮಣ್ಣಿಗೆ ಬೆರಳಿಟ್ಟು ನೋಡ್ಬೇಕು. ಒಣಗಿದ್ರೆ ಮಾತ್ರ ನೀರು. ಬಲಗೈ ಅಲ್ಲ ಮಾವ, ಎಡಗೈ."

"ಅದಕ್ಕೇನು ಗೊತ್ತಾಗುತ್ತೆ? ಮರದ ಕೊರಡು."

"ಗೊತ್ತಾಗೋವರೆಗೂ ಇಡಿ."

ಗಂಡ ನನ್ನತ್ತ ಕಣ್ಣು ಕೆಕ್ಕರಿಸಿದರು. ಕೆಕ್ಕರಿಸಲಿ, ನನಗೇನು!

ಮಾವ ದಿನವೂ ಬಲಗೈಯಿಂದ ಎಡಗೈ ಎತ್ತಿ ಮಣ್ಣಿಗೆ ಬೆರಳು ಚುಚ್ಚುತ್ತಿದ್ದರು, ನನ್ನನ್ನು ಬೈಯುತ್ತಿದ್ದರು. ನಾನು ಪಕ್ಕದಲ್ಲಿ ಬೆರಳಿಟ್ಟು ಒದ್ದೆಯೋ ಒಣವೋ ಹೇಳುತ್ತಿದ್ದೆ. ಎಲೆಗಳೆಲ್ಲ ಉದುರಿದವು. ಕಾಂಡ ಮಾತ್ರ ಹಸಿರಾಗಿತ್ತು, ಅಷ್ಟು ಸಾಕಿತ್ತು ನನ್ನ ಹಟಕ್ಕೆ.

ಒಂದು ಬೆಳಿಗ್ಗೆ ನಾನು ಒಲೆ ಮುಂದಿದ್ದಾಗ ಬಾಲ್ಕನಿಯಿಂದ ಕೂಗು ಬಂತು. "ಏ ಹುಡುಗಿ! ಬಾರೇ ಇಲ್ಲಿ!"

ಚಿಗುರು ಬಂತೇನೋ ಎಂದು ಓಡಿದೆ. ಚಿಗುರಿರಲಿಲ್ಲ. ಮಾವ ಎಡಗೈ ಬೆರಳನ್ನು ಮಣ್ಣಿನಿಂದ ತೆಗೆಯದೆ ಅಳುತ್ತಿದ್ದರು.

"ತಣ್ಣಗಿದೆ ಕಣೇ," ಎಂದರು. "ಇವತ್ತು ನೀರು ಬೇಡ."