ಹೆಬ್ಬೆಟ್ಟಿನ ಗೆರೆ ಎಲ್ಲಿ ಹೋಯ್ತು?

ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮಧ್ಯಾಹ್ನವಾಯಿತೆಂದರೆ ಬರೀ ಆವಿ. ಬಿಳಿ ಹಾಸುಬಟ್ಟೆಗಳು ತೇಲಿ ಬಂದಂತೆ ಕಾಣುತ್ತವೆ. ಅದರ ನಡುವೆ ನಿಂತು ಹಗಲುಗನಸು ಕಾಣುವುದರಲ್ಲಿ ಆವಿಯಕ್ಕನದು ಎತ್ತಿದ ಕೈ. ಆ ಅಡ್ಡಹೆಸರು ಬಂದದ್ದೂ ಅದಕ್ಕೇ. ಕನಸಿಗೂ ಸಂಬಳ ಇದ್ದಿದ್ದರೆ ಇಷ್ಟೊತ್ತಿಗೆ ಎರಡು ಮಹಡಿ ಮನೆ ಕಟ್ಟಿರುತ್ತಿದ್ದಳು.

ಅವತ್ತು ಮಾತ್ರ ಕನಸು ಹತ್ತಿರ ಸುಳಿಯಲಿಲ್ಲ. ಡಿಗ್ರಿ ಎರಡನೇ ವರ್ಷದ ಮಗಳು ಅರ್ಜಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆರೋಗ್ಯ ಸಂಶೋಧನೆ ಕಲಿಯುವ ಬಡ ಮಕ್ಕಳಿಗೆ ವಿದ್ಯಾರ್ಥಿವೇತನವಂತೆ. ಅಮ್ಮನ ಹೆಬ್ಬೆಟ್ಟು ಬೇಕು, ಸಂಜೆಯೊಳಗೆ ಕೊಡಬೇಕು. ಆ ಹಣ ಸಿಗದಿದ್ದರೆ ಮಗಳೂ ಓದು ಬಿಟ್ಟು ಇದೇ ಕೋಣೆಗೆ ಕೆಲಸಕ್ಕೆ ಬರಬೇಕು.

"ಆಗಲ್ಲ ಅಂದ್ರೆ ಆಗಲ್ಲ. ದುಡ್ಡು ಕೊಟ್ಟು ನಿನ್ನ ಮೈಮೇಲೆ ಔಷಧಿ ಪ್ರಯೋಗ ಮಾಡ್ತಾರೆ. ನನ್ನ ಕಿವಿ ಮೇಲೆ ಹೂ ಇಡಬೇಡ!"

ಬಟ್ಟೆ ಒಯ್ಯಲು ಬಂದಿದ್ದ ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಕ್ಕಾ, ಇವಳ ಮೇಲೆ ಯಾರೂ ಪ್ರಯೋಗ ಮಾಡಲ್ಲ. ಕಾಯಿಲೆ ಯಾಕೆ ಬರುತ್ತೆ, ಹೇಗೆ ತಡೀಬಹುದು ಅಂತ ಹುಡುಕೋಳೇ ಇವಳು. ಫೀಸು ಅವರೇ ಕಟ್ತಾರೆ, ವಿಜ್ಞಾನಿಗಳ ಜೊತೆ ಕೂರಿಸಿ ಕೆಲಸ ಕಲಿಸ್ತಾರೆ."

"ದೊಡ್ಡೋರ ಮಕ್ಕಳನ್ನ ಬಿಟ್ಟು ನಮ್ಮೋಳಿಗೆ ಯಾಕೆ ಕೊಡ್ತಾರೆ?"

"ನಮ್ಮ ಕಷ್ಟ ನಮ್ಮೋರ ಕಣ್ಣಿಗೆ ತಾನೇ ಬೀಳೋದು? ಏನು ಹುಡುಕ್ತೀನಿ ಅಂತ ಬರೆದಿದ್ದಾಳೆ, ಕೇಳಿ."

ಮಗಳು ಮೆಲ್ಲಗೆ ಓದಿದಳು. "ಬಟ್ಟೆ ಒಗೆಯುವ ಹೆಂಗಸರ ಬೆರಳಿನ ಗೆರೆಗಳು ಯಾಕೆ ಅಳಿಸಿಹೋಗುತ್ತವೆ? ಅವರ ಚರ್ಮ ಕಾಪಾಡುವುದು ಹೇಗೆ?"

ಆವಿಯಕ್ಕ ತನ್ನ ಕೈ ನೋಡಿಕೊಂಡಳು. ರೇಷನ್ ಅಂಗಡಿಯಲ್ಲಿ ಬೆರಳು ಗುರುತಿಸುವ ಯಂತ್ರ ಒಪ್ಪದೆ ಎಷ್ಟು ಸಲ ಬರಿಗೈಯಲ್ಲಿ ಮನೆಗೆ ಬಂದಿದ್ದಳೋ. ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮಗಳು ಎಲ್ಲವನ್ನೂ ನೋಡಿದ್ದಾಳೆ! ಸಂಕಟವೂ ಸಂತೋಷವೂ ಒಟ್ಟಿಗೇ ಉಕ್ಕಿ ಬಂದವು.

"ಎಲ್ಲಿ, ಮಸಿ ಕೊಡು."

ಹೆಬ್ಬೆಟ್ಟು ಒತ್ತಿದಳು. ಒಂದು ಗೆರೆಯೂ ಮೂಡಲಿಲ್ಲ. ಕಾಗದದ ಮೇಲೆ ಸಣ್ಣ ನೀಲಿ ಮೋಡ.

"ಇದನ್ನ ಒಪ್ತಾರಾ?" ಆವಿಯಕ್ಕನಿಗೆ ಗಾಬರಿ.

"ನಾನು ಸಾಕ್ಷಿ ಹಾಕ್ತೀನಿ," ಎಂದರು ನರ್ಸಮ್ಮ.

"ಇದೇ ಅಮ್ಮಾ ನನ್ನ ಮೊದಲನೇ ಪುರಾವೆ," ಎಂದವಳೇ ಮಗಳು ಕಾಲೇಜಿನ ಕಡೆ ಓಡಿದಳು.

ಆವಿ ಮತ್ತೆ ಕವಿಯಿತು, ಅದರ ಹಿಂದೆಯೇ ತಡವಾಗಿ ಕನಸೂ ಬಂತು. ಅದರೊಳಗಿಂದ ಬಿಳಿ ಕೋಟಿನ ಮಗಳು ನಡೆದು ಬಂದು ಅಮ್ಮನ ಬೆರಳು ಹಿಡಿದಳು. ಹೊಸದಾಗಿ ಮೂಡಿದ ಗೆರೆಗಳನ್ನು ಎಣಿಸತೊಡಗಿದಳು. ಒಂದು, ಎರಡು, ಮೂರು...

ನಿಮ್ಮ ಮನೆಯ ಮಗುವೂ ನಿಮ್ಮ ಕೈ ಹಿಡಿದು "ಇದು ಯಾಕೆ ಹೀಗಾಯ್ತು?" ಎಂದು ಕೇಳುತ್ತದೆಯೇ? ಗದರಿಸಬೇಡಿ. ನಾಳೆಯೇ ಜೊತೆಗೆ ಶಾಲೆಗೋ ಕಾಲೇಜಿಗೋ ಹೋಗಿ. ಯಾವ ವಿದ್ಯಾರ್ಥಿವೇತನವಿದೆ, ಕೊನೆಯ ದಿನ ಯಾವುದು, ಕೇಳಿ ತಿಳಿದುಕೊಳ್ಳಿ. ಆಮೇಲೆ ಧೈರ್ಯವಾಗಿ ಹೆಬ್ಬೆಟ್ಟು ಒತ್ತಿ. ಗೆರೆ ಮೂಡದಿದ್ದರೂ ಸರಿ.