ಗುರುತಿನ ಸರ್ವರ್ ಮಂಕಾದ ಸಂಜೆ

ಬಂಗಾರಪೇಟೆ ಬಳಿಯ ಹಾಲಿನ ಡೇರಿಗೆ ಮುನಿಸ್ವಾಮಪ್ಪನವರು ಅಧ್ಯಕ್ಷರು. ಚಿನ್ನದ ಗಣಿ ಮುಚ್ಚುವವರೆಗೂ ಮಾರಿಕುಪ್ಪಂ ಕಡೆ ಗಣಿಯ ಬಾಯಲ್ಲಿ ಟೋಕನ್ ಕೊಡುವ ಗುಮಾಸ್ತರಾಗಿದ್ದವರು. ಗಣಿಗೆ ಇಳಿಯುವವರ ಮುಖ ಕಿಟಕಿಯಲ್ಲಿ ಕಂಡರೆ ಸಾಕು, ಹೆಸರು ಹಿಡಿದು ಕರೆದು ಹಿತ್ತಾಳೆ ಬಿಲ್ಲೆ ಕೈಗಿಡುತ್ತಿದ್ದರು. ಆ ದಿನಗಳ ಮಾತು ಬಂದರೆ ಈಗಲೂ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾರೆ.

ಡೇರಿಯಲ್ಲಿ ಈಗ ಆ ಕೆಲಸ ಒಂದು ಸರ್ವರ್‌ನದು. ಹಾಲು ತಂದವರು ನಮ್ಮವರೇನಾ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹಾಲು ಅಳೆದುಕೊಳ್ಳುವ ಯಂತ್ರಗಳು ಅದನ್ನೇ ಕೇಳುತ್ತವೆ. ಅದು ಹೂಂ ಅಂದರೆ ಮಾತ್ರ ಯಂತ್ರ ತೆರೆಯುತ್ತದೆ. ಆ ಸರ್ವರಿನಲ್ಲೊಂದು ಲೋಪವಿದೆ, ತಯಾರಕರು ಅಪ್‌ಡೇಟ್ ಕಳಿಸಿದ್ದಾರೆ, ಸ್ವಲ್ಪ ಹೊತ್ತು ನಿಲ್ಲಿಸಿ ಹಾಕೋಣ ಎಂದು ಕಂಪ್ಯೂಟರ್ ನೋಡಿಕೊಳ್ಳುವ ಕಲ್ಪನ ಎಷ್ಟೋ ಸಲ ಹೇಳಿದ್ದಳು. ಮುನಿಸ್ವಾಮಪ್ಪನವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆಯುಧಪೂಜೆಯಲ್ಲಿ ಕುಂಬಳಕಾಯಿ ಒಡೆದು ಶುರು ಮಾಡಿದ ಯಂತ್ರವನ್ನು ಮುಂದಿನ ಆಯುಧಪೂಜೆಯ ತನಕ ನಿಲ್ಲಿಸಕೂಡದು ಎಂಬುದು ಅವರ ಕಟ್ಟಪ್ಪಣೆ.

ಒಂದು ಸಂಜೆ ಸರ್ವರ್ ಮಂಕಾಗಿ ಕೂತಿತು. ಯಾವ ಹಳ್ಳಿಯಲ್ಲೂ ಯಂತ್ರ ತೆರೆಯಲಿಲ್ಲ. ಧಗೆಯಲ್ಲಿ ಕಾದು ಕಾದು ಕ್ಯಾನುಗಳಲ್ಲೇ ಹಾಲು ಒಡೆಯಿತು. ಎರಡು ಹಸು ನಂಬಿ ಬದುಕುವ ಮುನಿರತ್ನಮ್ಮ ಹಾಲನ್ನು ಮೋರಿಗೆ ಸುರಿದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಾರೋ ಕಳ್ಳರು ಸರ್ವರಿಗೆ ನುಗ್ಗಿರಬೇಕು ಎಂದುಕೊಂಡ ಮುನಿಸ್ವಾಮಪ್ಪನವರು, ಯಾರು ಏನು ಕದ್ದರು ಎಂದು ಕಲ್ಪನಳ ಮೇಲೆ ರೇಗಿದರು.

"ಯಾರೂ ಏನೂ ಕದ್ದಿಲ್ಲ ತಾತ. ಯಾವನೋ ಒರಗಿನವ್ನು ಒಂದು ಸೊಟ್ಟ ಪ್ರಶ್ನೆ ಕಳಿಸವ್ನೆ. ಅದುಕ್ಕೆ ಉತ್ರ ಉಡುಕ್ತಾ ಇದು ಅಲ್ಲೇ ಸಿಕ್ಕಾಕೊಂಡೈತೆ. ಸಾಲ್ನಾಗೆ ನಿಂತೋರ್ನ ಕೇಳೋರಿಲ್ಲ. ಆ ಅಪ್‌ಡೇಟ್ ಆಕಿದ್ರೆ ಇಂತಾ ಪ್ರಶ್ನೇನ ಆಚೆಗೇ ತಳ್ಬುಡ್ತಿತ್ತು."

ಮುನಿಸ್ವಾಮಪ್ಪನವರಿಗೆ ಗಣಿಯ ದಿನವೊಂದು ನೆನಪಾಯಿತು. ಹಿಂದೆ ಒಬ್ಬ ಕುಡಿದು ಬಂದು ಟೋಕನ್ ಕಿಟಕಿ ಹಿಡಿದು ತಲೆಬುಡವಿಲ್ಲದ ತಕರಾರು ತೆಗೆದಿದ್ದ. ಅವನಿಗೆ ಸಮಾಧಾನ ಹೇಳುವಷ್ಟರಲ್ಲಿ ಇಡೀ ಪಾಳಿ ಬಿಸಿಲಲ್ಲಿ ನಿಂತಿತ್ತು. ಎಂಥ ಜನ, ಎಷ್ಟು ತಾಳ್ಮೆ! ಆ ಮುಖಗಳೆಲ್ಲ ಕಣ್ಣ ಮುಂದೆ ಬಂದವು.

"ಆವಾಗ ಮಾರ್ನೇ ದಿನ್ವೇ ಗಣಿಯೋರು ಕಿಟ್ಕಿ ಮುಂದೆ ಒಬ್ಬೊಬ್ರೇ ಬರೋ ಅಂಗೆ ಕಟಾಂಜನ ಆಕ್ಸಿದ್ರು ಕಣಮ್ಮ. ನಾನು ನೋಡಿದ್ರೆ ಅಬ್ಬಕ್ಕೆ ಕಾಯ್ತಾ ಕುಂತಿವ್ನಿ," ಎಂದರು.

ರಾತ್ರಿ ಹೊತ್ತಿಗೆ ಸರ್ವರ್ ಆ ಪ್ರಶ್ನೆಯಿಂದ ಬಿಡಿಸಿಕೊಂಡು ಮತ್ತೆ ಎಚ್ಚೆತ್ತಿತು. ಮರುದಿನ ಬೆಳಗಿನ ಹಾಲು ಹೋದ ಮೇಲೆ, ಅವರೇ ಮುಂದೆ ನಿಂತು ಸರ್ವರ್ ನಿಲ್ಲಿಸಿ ಅಪ್‌ಡೇಟ್ ಹಾಕಿಸಿದರು. ಹಳ್ಳಿಯ ಯಂತ್ರಗಳ ಹೊರತು ಬೇರೆ ಯಾರೂ ಅದನ್ನು ತಲುಪದಂತೆ ಕಲ್ಪನ ಹೊರಗಿನ ದಾರಿ ಮುಚ್ಚಿದಳು. ಆಮೇಲೆ ಮುನಿಸ್ವಾಮಪ್ಪನವರು ಮುನಿರತ್ನಮ್ಮನ ಮನೆಗೆ ಹೋಗಿ, ತಪ್ಪು ಯಂತ್ರದ್ದಲ್ಲ, ತಮ್ಮದು ಎಂದು ಒಪ್ಪಿಕೊಂಡರು.

"ಆಗ್ಲಿ ಬಿಡಣ್ಣ. ಸಂಜಿಕ್ ಆಲು ತತ್ತೀನಿ," ಎಂದಳು ಅವಳು.

ನಿಮ್ಮ ಡೇರಿ, ಬ್ಯಾಂಕು, ಆಸ್ಪತ್ರೆಯಲ್ಲೂ ಇಂಥದೊಂದು ಸರ್ವರ್ ಇರುತ್ತದೆ. ಅಪ್‌ಡೇಟ್ ಬಂದಿದೆಯೇ, ಹಾಕಿದ್ದಾರೆಯೇ ಎಂದು ಇವತ್ತೇ ವಿಚಾರಿಸಿ. ನಾಳೆ ಬೆಳಿಗ್ಗೆ ನಿಮ್ಮೂರಿನ ಮುನಿರತ್ನಮ್ಮನೂ ಕ್ಯಾನು ಹಿಡಿದು ಬರುತ್ತಾಳೆ. ಅವಳನ್ನು ಬಾಗಿಲಲ್ಲಿ ನಿಲ್ಲಿಸಬೇಡಿ.